ಮಾವಶಿ ಕದ ತಟ್ಟಿದ ಶನಿವಾರ

ಠಾಣೆಯ ಆ ಕಟ್ಟಡಕ್ಕೆ ನಾವು ಬಂದ ಮೊದಲ ವಾರ ಎದುರು ಮನೆಗೆ ಹೋಗಿ, ಕರೆಗಂಟೆ ಎಂದುಕೊಂಡು ಬೇರೇನನ್ನೋ ಒತ್ತಿದೆ. ಬಾಗಿಲ ಚೌಕಟ್ಟಿನ ಬಲಗಡೆ, ಹೆಗಲ ಮಟ್ಟದಲ್ಲಿ, ಬೆರಳುದ್ದದ ಹಿತ್ತಾಳೆ ಡಬ್ಬಿಯೊಂದನ್ನು ಓರೆಯಾಗಿ ಜಡಿದಿದ್ದರು. ಎರಡು ಸಲ ಒತ್ತಿದರೂ ಸದ್ದಿಲ್ಲ. ಅಷ್ಟರಲ್ಲಿ ಬಿಳಿ ಕೂದಲಿನ, ಹತ್ತಿ ಸೀರೆಯ ಹೆಂಗಸೊಬ್ಬರು ಬಾಗಿಲು ತೆರೆದು ಮರಾಠಿಯಲ್ಲಿ, "ಅದು ಸದ್ದು ಮಾಡಲ್ಲ ಬಾಳ, ಬೆಲ್ ಈ ಕಡೆ ಇದೆ" ಎಂದರು. ನನಗೆ ಆಗ ಮೂವತ್ನಾಲ್ಕು ವರ್ಷ. ಬಾಳ ಎಂದು, ಮಗುವನ್ನು ಕರೆದ ಹಾಗೆ, ಊರು ಬಿಟ್ಟ ಮೇಲೆ ಯಾರೂ ನನ್ನನ್ನು ಕರೆದಿರಲಿಲ್ಲ.

ನಾನು ಅವರನ್ನು ಮಾವಶಿ ಎಂದೆ, ಚಿಕ್ಕಮ್ಮ ಎಂದಂತೆ. ನನ್ನ ಮಗಳಿಗೆ ಅವರು ಆಜಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಗಂಡ ತೀರಿಹೋಗಿದ್ದರು, ಒಬ್ಬನೇ ಮಗ ಇಸ್ರೇಲಿನಲ್ಲಿದ್ದ. ಅವರು ಯಹೂದಿಗಳು ಎಂದು ಗೊತ್ತಾದಾಗ ನನಗೆ ಅಚ್ಚರಿಯಾಯಿತು. ಉಡುಪಿಯ ಕಡೆಯಿಂದ ಬಂದ ನನಗೆ ಯಹೂದಿಗಳೆಂದರೆ ಇತಿಹಾಸದ ಪಾಠದಲ್ಲಿ ಬರುವ ಜನ. ಇವರೋ ನಮಗಿಂತ ಚೆನ್ನಾಗಿ ಮರಾಠಿ ಆಡುತ್ತಾರೆ, ಮೀನಿಗೆ ತೆಂಗಿನಕಾಯಿ ಅರೆಯುತ್ತಾರೆ, ಕೈತುಂಬ ಹಸಿರು ಬಳೆ ತೊಡುತ್ತಾರೆ.

"ನಾವು ಬೆನೆ ಇಸ್ರೇಲ್. ಕೊಂಕಣದಲ್ಲಿ ನಮ್ಮ ಹಿರಿಯರು ಎಣ್ಣೆ ತೆಗೀತಿದ್ರು" ಎಂದು ಅವರೇ ಒಮ್ಮೆ ಹೇಳಿದರು. "ಶನಿವಾರ ಗಾಣ ನಿಲ್ಲಿಸ್ತಿದ್ದರಿಂದ ಊರವರು ಶನಿವಾರದ ಗಾಣಿಗರು ಅಂತಿದ್ರು. ಅಷ್ಟು ಬಿಟ್ರೆ ಈ ದೇಶದಲ್ಲಿ ಯಾರೂ ನಮ್ಮನ್ನ ಏನೂ ಅಂದಿಲ್ಲ."

ಶುಕ್ರವಾರ ಸಂಜೆ ಅವರು ದೀಪ ಹಚ್ಚುವರು. ಅಲ್ಲಿಂದ ಶನಿವಾರ ಕತ್ತಲಾಗುವವರೆಗೆ ಒಲೆ ಉರಿಸರು, ಲಿಫ್ಟ್ ಹತ್ತರು, ಫೋನ್ ಮುಟ್ಟರು. ಬಾಗಿಲಿನ ಹಿತ್ತಾಳೆ ಡಬ್ಬಿಗೆ ಮೆಝೂಝಾ ಎಂದು ಹೆಸರು. ಒಳಗೆ ತೊಗಲಿನ ಸುರುಳಿಯಲ್ಲಿ ಪ್ರಾರ್ಥನೆ ಬರೆದಿರುತ್ತದೆ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವರು. ಕೆಲವೇ ತಿಂಗಳಲ್ಲಿ ನನ್ನ ಮಗಳೂ ಹಾಗೆ ಮಾಡತೊಡಗಿದಳು. ನಾನು ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಕ್ಲಾರ್ಕು. ನಮ್ಮವರು ತುರ್ಭೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು, ರಜೆಯೆಂಬುದೇ ಇಲ್ಲ. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಮಗಳು ಇದ್ದದ್ದು ಮಾವಶಿಯ ಮನೆಯಲ್ಲಿ. ಹೀಗೆ ಐದು ವರ್ಷ ಕಳೆಯಿತು.

ಆಮೇಲೆ 2008ರ ಆ ನವೆಂಬರ್ ಬಂತು. ಮುಂಬಯಿಯ ಮೇಲೆ ದಾಳಿಯಾಯಿತು. ಸ್ಟೇಷನ್, ದೊಡ್ಡ ಹೋಟೆಲುಗಳು, ಅವುಗಳ ಜೊತೆಗೆ ಯಹೂದಿಗಳ ಒಂದು ಮನೆ. ನಗರದ ಗಲ್ಲಿಯೊಂದರ ಆ ಮನೆಯನ್ನು ಬಂದವರು ಹುಡುಕಿಕೊಂಡು ಹೋಗಿದ್ದರು. ಟೀವಿಯಲ್ಲಿ ಅದನ್ನು ನೋಡುತ್ತ ಕೂತಿದ್ದೆ. ಸತ್ತವರಿಗಾಗಿ ಮರುಗುವ ಮೊದಲೇ ನನ್ನ ಕಣ್ಣು ನಮ್ಮ ಬಾಗಿಲ ಕಡೆ ಹೋಯಿತು. ಅದರಾಚೆ ನಾಲ್ಕು ಹೆಜ್ಜೆ ಜಾಗ. ಅದರಾಚೆ ಆ ಹಿತ್ತಾಳೆ ಡಬ್ಬಿ.

ಠಾಣೆಯ ಯಹೂದಿಗಳ ಪ್ರಾರ್ಥನಾ ಮಂದಿರದ ಮುಂದೆ ಮರಳಿನ ಚೀಲ ಪೇರಿಸಿ ಪೊಲೀಸರು ಬಂದೂಕು ಹಿಡಿದು ಕೂತರು. ಮಾವಶಿ ಅಲ್ಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಆದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೇಗ ಬೇಗ ನಡೆಯತೊಡಗಿದರು. ನಾನು ಮಗಳಿಗೆ, "ಸ್ವಲ್ಪ ದಿನ ಆಜಿಯ ಮನೆಗೆ ಹೋಗಬೇಡ" ಎಂದೆ. ಅವಳು ಎಂದಿನಂತೆ ಹಿಂದಿಯಲ್ಲಿ, "ಕ್ಯೂಂ?" ಎಂದು ಕಾರಣ ಕೇಳಿದಳು. ಪರೀಕ್ಷೆ ಹತ್ತಿರ ಬಂತು ಎಂದೆ. ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು.

ಡಿಸೆಂಬರಿನ ಮೊದಲ ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ನಮ್ಮ ಕಟ್ಟಡದ ಸೊಸೈಟಿಯ ಮೀಟಿಂಗ್ ಇತ್ತು. ಸೆಕ್ರೆಟರಿ ನಮ್ಮ ಕಡೆಯವರೇ, ಬ್ಯಾಂಕಿನಿಂದ ನಿವೃತ್ತರಾದ ಸಾತ್ವಿಕ ಮನುಷ್ಯ. ಗೇಟಿಗೆ ಇನ್ನೊಬ್ಬ ವಾಚ್‌ಮನ್, ಬರುವವರ ಹೆಸರು ಬರೆಯಲು ಪುಸ್ತಕ, ಇವೆಲ್ಲ ತೀರ್ಮಾನವಾದ ಮೇಲೆ ಎರಡನೇ ಮಹಡಿಯವರೊಬ್ಬರು ಗಂಟಲು ಸರಿಪಡಿಸಿಕೊಂಡು, ನಾಲ್ಕನೇ ಮಹಡಿಯ, ಅಂದರೆ ಮಾವಶಿಯ, ಬಾಗಿಲಿನ ವಿಷಯ ಎತ್ತಿದರು. ಮಾವಶಿ ಮೀಟಿಂಗಿಗೆ ಬಂದಿರಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ. ಅವರು ಒಳ್ಳೆಯವರು, ನಮ್ಮ ಮಕ್ಕಳಿಗೆ ಪಾಠ ಹೇಳಿದವರು ಎಂದೇ ಎಲ್ಲರೂ ಶುರುಮಾಡಿದರು. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ನಿಂತರು: ಹೆಸರಿನ ಬೋರ್ಡು ಮತ್ತು ಆ ಡಬ್ಬಿ ತೆಗೆದರೆ ಒಳ್ಳೆಯದು.

ಮೀಟಿಂಗ್ ಮುಗಿದ ಮೇಲೆ ಸೆಕ್ರೆಟರಿ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ, ನಮಗೆ ಅವರ ಮೇಲೆ ಎಂತದೂ ಇಲ್ಲ. ಆದ್ರೆ ಇಪ್ಪತ್ತನಾಲ್ಕು ಮನೆ ಉಂಟಲ್ಲ ಇಲ್ಲಿ, ಮಕ್ಕಳು ಮರಿ. ನೀವು ಹೇಳಿದ್ರೆ ಅವರು ಕೇಳ್ತಾರೆ ಮಾರಾಯ್ರೆ. ನಿಮ್ಮದು ಎದುರು ಬಾಗಿಲು, ನಿಮಗೇ ಅಲ್ವಾ ಹೆಚ್ಚು ಹೆದರಿಕೆ?"

"ಹೌದು" ಎಂದೆ. ಅದು ನಿಜವಾಗಿತ್ತು. ಹೇಳುತ್ತೇನೆಂದು ಒಪ್ಪಿಕೊಂಡೂ ಬಂದೆ.

ಆ ವಾರವೆಲ್ಲ ನನಗೆ ಬಾಯಿ ಬರಲಿಲ್ಲ. ಬೆಳಗ್ಗೆ ಮಾವಶಿಯ ಬಾಗಿಲು ಮುಚ್ಚಿರುವುದನ್ನು ಖಾತ್ರಿಮಾಡಿಕೊಂಡು ಹೊರಬೀಳುತ್ತಿದ್ದೆ. ಬೇಲಾಪುರದ ಟ್ರೈನಿನಲ್ಲಿ ಯಾರಾದರೂ ಸೀಟಿನಡಿ ಚೀಲ ಇಟ್ಟರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿ ಹತ್ತುತ್ತಿದ್ದೆ. ಒಂದು ದಿನ ಹೀಗೆ ಇಳಿದಾಗ ಟ್ರೈನ್ ಹೊರಟೇಹೋಯಿತು. ತುರ್ಭೆಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತು, ಹತ್ತಿರದಲ್ಲೇ ನಮ್ಮವರ ಹೋಟೆಲು, ಹೋಗಿ ಎಲ್ಲ ಹೇಳಿಬಿಡಲೇ ಎಂದುಕೊಂಡೆ. ಆದರೆ ಹೋಗಲಿಲ್ಲ. ಮುಂದಿನ ಟ್ರೈನ್ ಹತ್ತಿದೆ.

ಶನಿವಾರ ಬಂತು. ನನಗೆ ರಜೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕರೆಂಟ್ ಹೋಯಿತು. ಮಗಳು ನೆಲದ ಮೇಲೆ ಕೂತು ನಕಾಶೆಗೆ ಬಣ್ಣ ಹಚ್ಚುತ್ತಿದ್ದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಇಬ್ಬರದು. ನಮ್ಮ ಮಹಡಿಗೆ ಬಂದು ನಿಂತಿತು. ನಾನು ಬಾಗಿಲಿನ ಕಿಂಡಿಗೆ ಕಣ್ಣಿಟ್ಟೆ. ಗಟ್ಟಿಮುಟ್ಟಾದ ಇಬ್ಬರು ಗಂಡಸರು, ಒಬ್ಬನ ಹೆಗಲಿನಲ್ಲಿ ಚೀಲ. ಹೆಸರಿನ ಬೋರ್ಡಿನ ಮೇಲೆ ಬೆರಳಾಡಿಸಿ ಓದುತ್ತಿದ್ದರು. ಆಮೇಲೆ ಒಬ್ಬ ಆ ಹಿತ್ತಾಳೆ ಡಬ್ಬಿಯನ್ನು ಬಗ್ಗಿ ನೋಡಿ ಇನ್ನೊಬ್ಬನಿಗೆ ತೋರಿಸಿದ. ಕದ ತಟ್ಟಿದರು.

ಮಾವಶಿ ಬಾಗಿಲು ತೆರೆದರು. ಆ ಗಂಡಸರು ಏನೋ ಕೇಳಿದರು, "ಯಹೂದಿ" ಎಂಬ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾವಶಿ ಅವರಿಬ್ಬರ ಮಧ್ಯದಿಂದ ದಾಟಿ ನಾಲ್ಕು ಹೆಜ್ಜೆ ಬಂದು ನಮ್ಮ ಬಾಗಿಲು ತಟ್ಟಿದರು.

"ಬಾಳ, ಬಾಗಿಲು ತೆಗಿ. ಯಾರೋ ಬಂದಿದ್ದಾರೆ."

ನನ್ನ ಕೈ ಚಿಲಕದ ಮೇಲಿತ್ತು. ಅದು ಅಲ್ಲೇ ಉಳಿಯಿತು. ಇನ್ನೊಂದು ಕೈಯಿಂದ, ಎದ್ದು ಬಂದಿದ್ದ ಮಗಳ ಬಾಯಿ ಮುಚ್ಚಿದ್ದೆ. ಅವಳ ಬಿಸಿಯುಸಿರು ಅಂಗೈಗೆ ತಾಗುತ್ತಿತ್ತು.

"ಬಾಳ" ಎಂದರು ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ.

ನಾನು ತೆರೆಯಲಿಲ್ಲ. ಕಿಂಡಿಯಲ್ಲಿ ಅವರ ಮುಖ ಕಾಣುತ್ತಿತ್ತು, ಬಳಿಕ ಕಾಣದಾಯಿತು. ಅವರು ತಿರುಗಿ ನಮ್ಮ ಬಾಗಿಲಿಗೇ ಬೆನ್ನು ಕೊಟ್ಟು ನಿಂತಿದ್ದರು. ಕಿಂಡಿಯ ತುಂಬ ಬರೀ ಬಿಳಿ ಕೂದಲು. ಗಂಡಸರ ಮಾತು ಕೇಳಿಸಿತು: "ಆಜಿ, ಹೆದರಬೇಡಿ, ನಾವು ಪೊಲೀಸರು." ಸಾದಾ ಬಟ್ಟೆಯಲ್ಲಿ ಬಂದಿದ್ದರು. ನಗರದಲ್ಲಿ ಯಹೂದಿಗಳ ಮನೆಗಳು ಎಲ್ಲೆಲ್ಲಿವೆ ಎಂದು ಗುರುತು ಮಾಡಿಕೊಳ್ಳುತ್ತಿದ್ದರಂತೆ, ರಕ್ಷಣೆಗಾಗಿ. ಕಾರ್ಡು ತೋರಿಸಿದರು. ಕನ್ನಡಕ ಒಳಗಿದೆ, ನನಗೆ ಓದಕ್ಕಾಗಲ್ಲ ಎಂದು ಮಾವಶಿ ಹೇಳುವುದು ಕೇಳಿಸಿತು. ಅವರ ಬಳೆಗಳು ನಮ್ಮ ಬಾಗಿಲಿಗೆ ತಗುಲಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ಪೊಲೀಸರು ಬರೆದುಕೊಂಡು ಹೋದರು. ಮಾವಶಿ ತಮ್ಮ ಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಕೈ ತೆಗೆದಾಗ ಮಗಳ ಕೆನ್ನೆಯ ಮೇಲೆ ನನ್ನ ಬೆರಳುಗಳ ಗುರುತು ಮೂಡಿತ್ತು.

"ಮಮ್ಮಿ, ದರವಾಜಾ ಕ್ಯೂಂ ನಹೀ ಖೋಲಾ?" ಎಂದು ಕೇಳಿದಳು. ಯಾಕೆ ತೆರೆಯಲಿಲ್ಲ? ಹದಿಮೂರು ವರ್ಷದವಳು. ಅವಳು ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ ಒಳಕೋಣೆಗೆ ಹೋದಳು.

ರಾತ್ರಿ ಊಟಕ್ಕೆ ಬಂದ ನಮ್ಮವರಿಗೆ ಹೇಳಿದೆ. "ನಾನಿದ್ದಿದ್ರೂ ಎಂತ ಮಾಡ್ತಿದ್ದೆನೋ ಗೊತ್ತಿಲ್ಲ" ಎಂದರು. ನನಗೆ ಸಮಾಧಾನವಾಗಲೆಂದು ಹೇಳಿದ್ದು. ಆಗಲಿಲ್ಲ.

ಮಂಗಳವಾರ ಸೆಕ್ರೆಟರಿ ಗೇಟಿನ ಬಳಿ ನೆನಪಿಸಿದರು. ಅಂದು ಸಂಜೆ ಆಫೀಸಿನಿಂದ ಬಂದವಳೇ ಚೀಲವನ್ನೂ ಇಳಿಸದೆ ಮಾವಶಿಯ ಮನೆಗೆ ಹೋದೆ. ಅವರು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಬಿಡಿಸುತ್ತ, ಅವರ ಮುಖ ನೋಡದೆ, ಸೊಸೈಟಿಯವರ ಮಾತನ್ನು ಹೇಳಿ ಮುಗಿಸಿದೆ. ಬೋರ್ಡು ತೆಗೆಯಬೇಕು, ಡಬ್ಬಿ ತೆಗೆಯಬೇಕು, ಎಲ್ಲ ತಣ್ಣಗಾಗುವವರೆಗೆ ಮಾತ್ರ.

ಅವರು ಸಿಟ್ಟಾಗಲಿಲ್ಲ. ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನು ಹುಟ್ಟಿದ್ದು ಅಡೆನ್‌ನಲ್ಲಿ, ನಿಂಗೆ ಗೊತ್ತಾ?" ಎಂದರು.

ನನಗೆ ಗೊತ್ತಿರಲಿಲ್ಲ. ಅಡೆನ್ ಎಂದರೆ ಅರಬರ ನಾಡಿನ ಬಂದರು, ಬ್ರಿಟಿಷರ ಕೈಯಲ್ಲಿದ್ದದ್ದು. ಒಂದು ಕಾಲದಲ್ಲಿ ಅದನ್ನು ಮುಂಬಯಿಯಿಂದಲೇ ಆಳುತ್ತಿದ್ದರಂತೆ. ಮಾವಶಿಯ ತಂದೆ ಅಲ್ಲಿನ ಬಂದರು ಕಚೇರಿಯಲ್ಲಿ ಗುಮಾಸ್ತರು. ಅಲ್ಲಿ ಬೆಳ್ಳಿ ಕೆಲಸ, ಪುಸ್ತಕ ಕಟ್ಟುವ ಕೆಲಸ ಮಾಡುವ ಅಲ್ಲಿಯವರೇ ಆದ ಯಹೂದಿಗಳು ಸಾವಿರಾರು ಜನ, ಇವರಂಥ ಮುಂಬಯಿಯವರು ಕೆಲವೇ ಮನೆ.

"ಅಪ್ಪ ಅಂದ್ಕೊಂಡಿದ್ರು, ನಾವು ಸರಕಾರದವರು, ನಮ್ಮನ್ನ ಯಾರು ಮುಟ್ಟುತ್ತಾರೆ ಅಂತ. ಆಮೇಲೆ ಪ್ಯಾಲೆಸ್ಟೈನ್ ಭಾಗ ಮಾಡೋ ಸುದ್ದಿ ಬಂತು. ಸ್ವಾತಂತ್ರ್ಯ ಬಂದ ವರ್ಷ, ಡಿಸೆಂಬರ್. ನಂಗೆ ಎಂಟು ವರ್ಷ. ಊರಲ್ಲಿ ಗದ್ದಲ ಆಗತ್ತೆ ಅಂತ ಅಪ್ಪನ ಸಾಹೇಬ ಹೇಳಿದ್ನಂತೆ, ಬಾಗಿಲ ಮೇಲಿನ ಗುರುತು ತೆಗೆದುಬಿಡು, ಸೈನ್ಯ ಇದೆ, ಉಳಿದದ್ದು ನಾವು ನೋಡ್ಕೋತೀವಿ ಅಂತ. ಅಪ್ಪ ಮೆಝೂಝಾ ತೆಗೆದ್ರು. ಚೌಕಟ್ಟಿಗೆ ನೀಲಿ ಬಣ್ಣ ಹೊಡೆದಿತ್ತು. ಅದು ಇದ್ದ ಜಾಗ ಮಾತ್ರ ಬರೀ ಮರ. ಓರೆಯಾಗಿ, ಬೆರಳಿಟ್ಟು ತೋರಿಸಿದ ಹಾಗೆ. ಎರಡನೇ ದಿನ ಮಧ್ಯಾಹ್ನ ಜನ ಬಂದ್ರು. ಆ ಗುರುತು ನೋಡಿಯೇ ಬಾಗಿಲು ಒಡೆದ್ರು."

ಕಾವಲಿಗೆ ಕಳಿಸಿದ ಸಿಪಾಯಿಗಳಲ್ಲೇ ಕೆಲವರು ಯಹೂದಿಗಳ ಮೇಲೆ ಗುಂಡು ಹಾರಿಸಿದರಂತೆ. ಶಾಲೆ ಸುಟ್ಟಿತು, ಅಂಗಡಿಗಳು ಸುಟ್ಟವು. ಬಾಗಿಲು ಒಡೆಯುವ ಹೊತ್ತಿಗೆ ತಾಯಿ ಮಕ್ಕಳನ್ನೆಳೆದುಕೊಂಡು ಹಿಂದಿನ ಮೆಟ್ಟಿಲಿನಿಂದ ಮೇಲಿನ ಮನೆಗೆ ಓಡಿದ್ದರು.

"ಮೇಲೆ ಮುಂಬಯಿ ಕಡೆಯವರೇ ಇದ್ರು, ಹಿಂದೂಗಳು. ಆ ಮನೆ ಹೆಂಗಸಿನ ಗಂಡನೂ ಅಪ್ಪನ ಕಚೇರಿಯಲ್ಲೇ. ದಿನಾ ಪಲ್ಯ ಕೊಡೋದು, ತಗೊಳ್ಳೋದು. ಅಮ್ಮ ಕದ ತಟ್ಟಿದ್ರು. ಹೆಸರು ಹಿಡಿದು ಕರೆದ್ರು. ಒಳಗೆ ಮಗು ಅಳ್ತಿತ್ತು, ಆ ಹೆಂಗಸು ಶ್ ಅಂತ ಸುಮ್ಮನಾಗಿಸೋದು ನಮಗೆ ಕೇಳಿಸ್ತು. ಬಾಗಿಲು ತೆಗೀಲಿಲ್ಲ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಇತ್ತು.

"ಮಾಳಿಗೆ ಮೇಲೆ ಮೇಕೆ ಕಟ್ಟೋ ಗೂಡಿತ್ತು. ಸಂಜೆತನಕ ಅದರಲ್ಲಿ ಕೂತಿದ್ವಿ. ಉಳಿದ್ವಿ. ಒಂದು ತಿಂಗಳಾದ ಮೇಲೆ ಹಡಗು ಹತ್ತುವಾಗ ಆ ಹೆಂಗಸು ಬಂದಳು, ಬಟ್ಟೆಯಲ್ಲಿ ಚಪಾತಿ ಕಟ್ಟಿಕೊಂಡು. ಅಮ್ಮ ತಗೊಂಡ್ರು. ಸಮುದ್ರಕ್ಕೆ ಎಸೀತಾರೆ ಅಂದ್ಕೊಂಡೆ ನಾನು. ಎಸೀಲಿಲ್ಲ. ನಾವು ತಿಂದ್ವಿ. ಹಸಿವಾಗಿತ್ತು."

ಸೊಪ್ಪಿನ ತಟ್ಟೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ಕೇಳಿದರು. "ಶನಿವಾರ ನೀವು ಮನೇಲಿರಲಿಲ್ಲ, ಅಲ್ವಾ?"

"ಇರಲಿಲ್ಲ" ಎಂದೆ. "ಡೊಂಬಿವಲಿಗೆ ಹೋಗಿದ್ವಿ, ನಾದಿನಿಯ ಮನೆಗೆ."

ಹೇಗೆ ಅಷ್ಟು ಸಲೀಸಾಗಿ ಬಂತೋ ಆ ಸುಳ್ಳು. ಮನೆಗೆ ಬಂದು ಅಡುಗೆಗಿಟ್ಟೆ, ಅನ್ನ ತಳ ಹಿಡಿಯಿತು. ಮಾರನೆಯ ದಿನ ಆಫೀಸಿನಲ್ಲಿ ಒಂದೇ ಅರ್ಜಿಯನ್ನು ಮೂರು ಸಲ ಟೈಪ್ ಮಾಡಿದೆ. ಸಂಜೆ ಮತ್ತೆ ಅವರ ಬಾಗಿಲಿಗೆ ಹೋಗಿ, ಒಳಗೆ ಕರೆದರೂ ಹೋಗದೆ ಹೊಸ್ತಿಲಾಚೆಯೇ ನಿಂತು ಹೇಳಿದೆ.

"ಮಾವಶಿ, ಶನಿವಾರ ನಾನು ಒಳಗೇ ಇದ್ದೆ. ನೀವು ಕರೆದದ್ದು ಕೇಳಿಸ್ತು."

"ಗೊತ್ತು" ಎಂದರು. "ನಿನ್ನ ಮಗಳ ಚಪ್ಪಲಿ ಹೊರಗಿತ್ತು. ನಿಂದೂ ಇತ್ತು."

ನನಗೆ ಅಳು ಬಂತು. ಅವರು ನನ್ನನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಅಂದರು, "ನಂಗೆ ನಿನ್ನ ಮೇಲೆ ಬೇಜಾರಾಗಿದೆ. ಸುಳ್ಳು ಹೇಳಲ್ಲ. ಅದು ಹೋಗೋಕೆ ಸ್ವಲ್ಪ ದಿನ ಬೇಕು. ಆದರೆ ನೀನು ಬಂದು ಹೇಳಿದೆ. ಆ ಚಪಾತಿ ತಂದವಳು ಕೊನೆತನಕ ಹೇಳಲಿಲ್ಲ."

ಮುಂದಿನ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಜೀವನದಲ್ಲಿ ಅಷ್ಟು ಜನರ ಮುಂದೆ ಮಾತಾಡಿದವಳಲ್ಲ. ಮಾವಶಿಯ ಬಾಗಿಲಿನಿಂದ ಏನನ್ನೂ ತೆಗೆಯಿರಿ ಎಂದು ನಾನು ಹೇಳುವುದಿಲ್ಲ, ಎದುರು ಮನೆಯವಳಾಗಿ ನನ್ನ ತಕರಾರಿಲ್ಲ ಎಂದೆ. ಎರಡನೇ ಮಹಡಿಯವರು, "ನಾಳೆ ಏನಾದರೂ ಆದರೆ ನೀವು ಜವಾಬ್ದಾರರಾ?" ಎಂದು ಕೇಳಿದರು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಕೂತೆ. ಸೆಕ್ರೆಟರಿ ವಿಷಯವನ್ನು ಮುಂದಕ್ಕೆ ಹಾಕಿದರು, ಅದು ಹಾಗೆಯೇ ಮುಂದಕ್ಕೆ ಹೋಗುತ್ತಲೇ ಇತ್ತು. ಹೆಸರಿನ ಬೋರ್ಡನ್ನು ಮಾತ್ರ ಒಂದು ದಿನ ಮಾವಶಿಯೇ ತೆಗೆದರು. "ಯಾರ ಮಾತಿಗೂ ಅಲ್ಲ. ನಂಗೂ ಹೆದರಿಕೆ ಇದೆ" ಎಂದರು. ಮೆಝೂಝಾ ಅಲ್ಲೇ ಇತ್ತು.

ಸುಮಾರು ಎರಡು ತಿಂಗಳು ನಮ್ಮ ನಡುವೆ ಬರೀ ಲೋಕಾಭಿರಾಮದ ಮಾತು. ಮಗಳು ಮಾತ್ರ ಮೊದಲಿನ ಹಾಗೆ ಹೋಗಿ ಬರುತ್ತಿದ್ದಳು, ನಾನು ತಡೆಯಲಿಲ್ಲ. ಫೆಬ್ರವರಿಯಲ್ಲಿ ಮಾವಶಿ ಮಲಿದಾಕ್ಕೆ ಕರೆದರು. ಅದು ಅವರ ಹರಕೆಯ ಪೂಜೆ. ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣಿಟ್ಟು, ಅವರ ಪ್ರವಾದಿಯೊಬ್ಬರನ್ನು ನೆನೆದು ಪ್ರಾರ್ಥಿಸುತ್ತಾರೆ. ನಾವು ಮೂವರೂ ಹೋದೆವು. ಕಟ್ಟಡದ ಇತರರಿಗೂ ಕರೆ ಹೋಗಿತ್ತು, ಹೆಚ್ಚಿನವರು ಬರಲಿಲ್ಲ. ಸೆಕ್ರೆಟರಿ ಬಂದು ಬಾಗಿಲ ಬಳಿಯ ಕುರ್ಚಿಯ ಅಂಚಿನಲ್ಲಿ ಕೂತರು. ಪ್ರಸಾದ ಬಾಯಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿ, "ಇದು ನಮ್ಮ ಪಂಚಕಜ್ಜಾಯದ ಹಾಗೇ ಉಂಟಲ್ಲ" ಎಂದರು. ಇನ್ನೊಂದಿಷ್ಟು ಹಾಕಿಸಿಕೊಂಡರು. ಆದರೆ ಅಲ್ಲಿದ್ದಷ್ಟು ಹೊತ್ತೂ ಅವರ ಕಣ್ಣು ಮೆಟ್ಟಿಲ ಕಡೆಗೇ ಇತ್ತು. ನನ್ನದೂ.

ಮಂಡಿನೋವು ಹೆಚ್ಚಾದ ಮೇಲೆ ಮಾವಶಿಯ ಮಗ ಬಂದು ಅವರನ್ನು ಇಸ್ರೇಲಿಗೆ ಕರೆದುಕೊಂಡು ಹೋದ. ಅದು 2012. ಹೋಗುವ ಮನಸ್ಸಿರಲಿಲ್ಲ ಅವರಿಗೆ. ಅಲ್ಲಿ ಬೊಂಬಿಲು ಮೀನು ಸಿಗಲ್ಲ, ಮರಾಠಿ ಪೇಪರ್ ಬರಲ್ಲ ಎಂದು ಏರ್‌ಪೋರ್ಟಿನ ಟ್ಯಾಕ್ಸಿ ಹತ್ತುವವರೆಗೂ ಗೊಣಗುತ್ತಿದ್ದರು. ಆ ಮನೆಗೆ ಕಲ್ಯಾಣದಿಂದ ಒಂದು ಕುಟುಂಬ ಬಂತು. ಅವರ ಹೆಸರು ಕೇಳಿದ ಕೂಡಲೇ ಸೊಸೈಟಿಯವರೆಲ್ಲ ಹಗುರಾದರು. ಹಾಗೆ ಹಗುರಾದವರಲ್ಲಿ ನಾನೂ ಒಬ್ಬಳು ಎಂಬುದನ್ನು ಇಲ್ಲಿ ಬರೆಯದೆ ಇರಲಾರೆ.

ಎರಡು ವರ್ಷದ ಮೇಲೆ, ಜುಲೈ ತಿಂಗಳಲ್ಲಿ, ಮಾವಶಿಯಿದ್ದ ಊರಿನ ಮೇಲೆ ರಾಕೆಟ್‌ಗಳು ಬೀಳುತ್ತಿವೆಯೆಂದು ಸುದ್ದಿಯಲ್ಲಿ ನೋಡಿ ಫೋನ್ ಮಾಡಿದೆ. ಹತ್ತಾರು ಸಲ ಯತ್ನಿಸಿದ ಮೇಲೆ ಸಿಕ್ಕಿತು.

"ಹೆದರಿಕೆ ಆಗತ್ತಾ ಮಾವಶಿ?"

"ಆಗದೆ ಏನು. ಸೈರನ್ ಕೂಗಿದ ಕೂಡಲೇ ಕೆಳಗೆ ಇಳೀಬೇಕು, ನನ್ನ ಮಂಡಿ ಕೇಳಲ್ಲ. ಮೇಲಿನ ಮನೆಯವಳು ಬಂದು ಕೈ ಹಿಡಿದು ಇಳಿಸ್ತಾಳೆ. ಅವಳ ಭಾಷೆ ನಂಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ಟೀವಿಯಲ್ಲಿ ಆ ಕಡೆಯ ಮಕ್ಕಳನ್ನ ತೋರಿಸ್ತಾರೆ, ಮನೆ ಬಿದ್ದದ್ದು ತೋರಿಸ್ತಾರೆ. ನೋಡಕ್ಕಾಗಲ್ಲ. ಆರಿಸ್ತೀನಿ. ಮಗಳೆಲ್ಲಿ?"

"ಕಾಲೇಜಿಂದ ಇನ್ನೂ ಬಂದಿಲ್ಲ. ಮಳೆ ಜೋರಾಗಿದೆ ಇಲ್ಲಿ, ಟ್ರೈನ್ ನಿಂತಿದೆಯಂತೆ."

"ಹಾಗಾದ್ರೆ ಇಡು ಫೋನು. ಅವಳು ಮಾಡ್ತಿರಬಹುದು" ಎಂದು ನಾನು ಇನ್ನೇನೂ ಹೇಳುವ ಮೊದಲೇ ಇಟ್ಟುಬಿಟ್ಟರು.

ಮಗಳು ಏಳು ಗಂಟೆಗೆ ಪೂರ್ತಿ ನೆನೆದು ಬಂದಳು. ಆಜಿ ಸಿಕ್ಕಿದ್ದರು ಎಂದೆ. ತಲೆಯನ್ನೂ ಒರೆಸಿಕೊಳ್ಳದೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ನೆಲದ ಮೇಲೆ ಕೂತು, ಅವಳು ಮತ್ತೆ ಆ ನಂಬರ್ ಒತ್ತತೊಡಗಿದಳು.